ಬ್ಯಾಕಪ್‌ಗೆ ಕೊಟ್ಟ ಮೀಸಲು

ರೇಣುಕಾ ತಪ್ಪು ಮಾಡಿರಲಿಲ್ಲ. ಆ ಮಧ್ಯಾಹ್ನ ಸ್ಕ್ಯಾನ್ ಚಿತ್ರಗಳು ಡಾಕ್ಟರ ಪರದೆಗೆ ಬಾರದೆ ನಿಂತದ್ದು ನನ್ನಿಂದ. ಅದು ನನಗೆ ಅದೇ ದಿನ ಗೊತ್ತಾಗಿತ್ತು — ಗೊತ್ತಾಗಿಯೂ ಸುಮ್ಮನಿದ್ದೆ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೇಳುವ ತ್ರಾಣ ಈಗ ಉಳಿದಿಲ್ಲ.

ರಾಯಚೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದೆ. ಎಕ್ಸ್‌ರೇ, ಸ್ಕ್ಯಾನ್, ರೋಗಿಗಳ ವಿವರ — ಎಲ್ಲವೂ ಒಂದೇ ದೊಡ್ಡ ಸ್ಟೋರೇಜ್‌ನಲ್ಲಿ ಇರುತ್ತಿದ್ದವು. ಅದಕ್ಕೂ ಸರ್ವರ್‌ಗಳಿಗೂ ನಡುವೆ ಮಾಹಿತಿ ದಾಟಿಸುವ ಒಂದು ಸ್ವಿಚ್. ಅದರ ಪೋರ್ಟ್‌ಗಳನ್ನು — ಕೇಬಲ್ ಸಿಕ್ಕಿಸುವ ಕಿಂಡಿಗಳನ್ನು — ಗುಂಪು ಗುಂಪಾಗಿ ಮಾಡಿರುತ್ತಾರೆ. ಒಂದು ಗುಂಪಿಗೆಲ್ಲ ಸೇರಿ ಸಿಗುವ ಬ್ಯಾಂಡ್‌ವಿಡ್ತ್‌ಗೆ — ಒಮ್ಮೆಗೆ ಹರಿಯಬಹುದಾದ ಮಾಹಿತಿಗೆ — ಮಿತಿ ಇದೆ. ಒಂದು ಪೋರ್ಟಿಗೆ ಮೀಸಲು ಕೊಟ್ಟರೆ ಮಿಕ್ಕವು ಉಳಿದದ್ದನ್ನೇ ಹಂಚಿಕೊಳ್ಳಬೇಕು. ಯಾವುದಕ್ಕೆ ಮೀಸಲು, ಯಾವುದಕ್ಕೆ ಹಂಚಿಕೆ — ಅದನ್ನು ತೀರ್ಮಾನಿಸುವುದು ನನ್ನ ಕೆಲಸ. ಕೇಳುವವರು ಯಾರೂ ಇರಲಿಲ್ಲ.

ಮಾಹಿತಿಯ ನಕಲು ತೆಗೆಯುವ ಬ್ಯಾಕಪ್ ಆಸ್ಪತ್ರೆಯ ಗದ್ದಲ ಇಳಿದ ಮೇಲೆ ನಡೆಯಬೇಕಿತ್ತು. ಮುಗಿಯುವವರೆಗೆ ನಾನು ಕೂರಬೇಕು. ಮಾನ್ವಿಯ ಬಸ್ಸು ತಪ್ಪುತ್ತಿತ್ತು, ಮನೆ ಸೇರುವಷ್ಟರಲ್ಲಿ ಮೈಯೆಲ್ಲ — ಬೇಡ, ಅದನ್ನು ನೆಪವಾಗಿ ಹೇಳಬಾರದು. ಒಂದು ದಿನ ಬ್ಯಾಕಪ್ಪನ್ನು ಮಧ್ಯಾಹ್ನಕ್ಕೆ ಹಾಕಿದೆ. ಬೇಗ ಮುಗಿಯಲೆಂದು ಅದರ ಪೋರ್ಟಿಗೆ ಗುಂಪಿನ ಬಹುಪಾಲನ್ನು ಮೀಸಲಿಟ್ಟೆ. ಅದೇ ಗುಂಪಿನಲ್ಲಿ ಸ್ಕ್ಯಾನ್ ಸರ್ವರ್‌ನ ಪೋರ್ಟೂ ಇದೆಯೆಂದು ನನಗೆ ತಿಳಿದಿತ್ತು. ಚಿತ್ರಗಳು ಸ್ವಲ್ಪ ತಡವಾಗಿ ತೆರೆದಾವು, ಅಷ್ಟೇ — ಎಂದುಕೊಂಡೆ.

ರೇಣುಕಾ ಸ್ಕ್ಯಾನ್ ಮಾಡುವ ಟೆಕ್ನಿಷಿಯನ್. ದೇವದುರ್ಗದಿಂದ ದಿನವೂ ಬಂದು ಹೋಗುತ್ತಿದ್ದರು. ಆ ದಿನ ಅದೇ ಕಡೆಯ ಒಂದು ಹಳ್ಳಿಯಿಂದ ಕುರಿ ಕಾಯುವ ಹನುಮಂತನನ್ನು ತಂದರು. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿತ್ತು. ರೇಣುಕಾ ತಡಮಾಡದೆ ಸ್ಕ್ಯಾನ್ ಮುಗಿಸಿ ಚಿತ್ರ ಕಳಿಸಿದರು. ಎದುರಿನ ಕಟ್ಟಡದಲ್ಲಿದ್ದ ಡಾಕ್ಟರ ಪರದೆಯಲ್ಲಿ ಏನೂ ಬರಲಿಲ್ಲ. ಡಾಕ್ಟರು ಕಾದರು. ಮತ್ತೆ ಕಾದರು. ಕೊನೆಗೆ ರೇಣುಕಾ ತಾವೇ ಓಡಿಹೋಗಿ, "ಸರ್, ಅದನ್ನ ಕಾಯಬ್ಯಾಡ್ರಿ, ನನ್ ಮಷೀನ್‌ನ್ಯಾಗ ನೋಡ್ರಿ, ಬರ್ರಿ" ಎಂದು ಕರೆತಂದರು. ಶಸ್ತ್ರಚಿಕಿತ್ಸೆ ಆಯಿತು. ಹನುಮಂತ ಬದುಕಿದ — ಮಾತು ಹೋಯಿತು.

ಆ ತಡವೇ ಕಾರಣವೆಂದು ಖಚಿತವಾಗಿ ಯಾರೂ ಹೇಳಲಾರರು. ಆ 'ಹೇಳಲಾರರು' ಎಂಬುದರ ಹಿಂದೆ ನಾನು ವರ್ಷಗಟ್ಟಲೆ ಅಡಗಿ ಕೂತೆ.

ಮರುದಿನ, ಚಿತ್ರ ಯಾಕೆ ತಡವಾಯಿತೆಂದು ಕೇಳಲು ಮ್ಯಾನೇಜರ್ ನಮ್ಮಿಬ್ಬರನ್ನೂ ಕರೆದರು. ಅಷ್ಟರಲ್ಲಿ ನಾನು ಮೀಸಲನ್ನು ತೆಗೆದು, ಬ್ಯಾಕಪ್ಪನ್ನು ಹಳೆಯ ಹೊತ್ತಿಗೆ ಮರಳಿಸಿದ್ದೆ.

"ನಾ ಆವಾಗ್ಲೇ ಕಳಿಸೀನ್ರೀ" ಎಂದರು ರೇಣುಕಾ.

ಮ್ಯಾನೇಜರ್ ನನ್ನ ಕಡೆ ತಿರುಗಿದರು. "ನಿಮ್ ಸ್ವಿಚ್ಚಿನಾಗ ಏನರ ತೊಂದ್ರಿ ಅದ ಏನ್ರೀ?"

"ಇಲ್ರೀ. ನಮ್ ಕಡಿ ಎಲ್ಲಾ ಬರೋಬರ್ ಅದ."

ಆ ಕ್ಷಣಕ್ಕೆ ಅದು ಸುಳ್ಳೂ ಅಲ್ಲ — ಆಗ ಎಲ್ಲ ಸರಿಯಾಗಿಯೇ ಇತ್ತು. ಅಷ್ಟು ಜಾಗ್ರತೆಯಿಂದ ಆಡಿದ ಮಾತು ಅದು.

ತಪ್ಪು ರೇಣುಕಾ ಅವರದೇ ಎಂದಾಯಿತು. ಅವರನ್ನು ಸ್ಕ್ಯಾನ್ ಕೋಣೆಯಿಂದ ತೆಗೆದು ಚೀಟಿ ಬರೆಯುವ ಕೌಂಟರಿಗೆ ಹಾಕಿದರು. ಎದುರಾದಾಗ ನಾನು ಫೋನು ನೋಡುತ್ತಾ ದಾಟುತ್ತಿದ್ದೆ. ಕೆಲವು ತಿಂಗಳಿಗೆ ಅವರೇ ಕೆಲಸ ಬಿಟ್ಟು ಹೋದರು. ನನಗೆ — ಹೇಳಲು ನಾಚಿಕೆಯಾಗುತ್ತದೆ — ಹಗುರವೆನಿಸಿತು.

ಈಗ ಯಾಕೆ ಬಾಯಿ ಬಿಟ್ಟೆ? ಗೊತ್ತಿಲ್ಲ. ಹೊತ್ತು ಹೊತ್ತು ಸಾಕಾಗಿತ್ತು. ಆಸ್ಪತ್ರೆಯ ಈಗಿನ ಮುಖ್ಯಸ್ಥರಿಗೆ ಮೊದಲು ಹೇಳಿದೆ. "ಹಳೀ ಸುದ್ದಿ, ಈಗ್ಯಾಕ ತೆಗೀತೀರಿ, ಬಿಡ್ರಿ" ಎಂದರು. ಬಿಡಲಾಗದೆ ದೇವದುರ್ಗಕ್ಕೆ ಹೋದೆ. ರೇಣುಕಾ ಅಲ್ಲೊಂದು ಸಣ್ಣ ಎಕ್ಸ್‌ರೇ ಕೇಂದ್ರದಲ್ಲಿದ್ದಾರೆ. ನಿಂತೇ ಎಲ್ಲ ಹೇಳಿದೆ. ಬೈದಾರು ಎಂದುಕೊಂಡಿದ್ದೆ, ಅವರು ಕುರ್ಚಿ ಹುಡುಕಿ ಕೂತರು.

"ಇಷ್ಟ್ ವರ್ಷ ನಾನೇ ಗಡಿಬಿಡ್ಯಾಗ ಏನರ ತಪ್ಪ್ ಒತ್ತಿದ್ನೇನೋ ಅಂತ ತಿಳ್ಕೊಂಡಿದ್ನಿರೀ ಅಣ್ಣಾ" ಎಂದರು. ಅವರಿಗೆ ತಮ್ಮ ಮೇಲೆಯೇ ಅನುಮಾನ ಬರುವಂತೆ ಮಾಡಿದ್ದೆ — ಇದು ನನಗೆ ಹೊಳೆದೇ ಇರಲಿಲ್ಲ.

ಆಮೇಲೆ ಕೇಳಿದರು: "ಹನುಮಂತನ ಮನಿಗೆ ಹೋಗಿದ್ರೇನು?"

"ಇಲ್ಲ…"

"ಮತ್ತ ಇಲ್ಲ್ಯಾಕ ನಿಂತೀರಿ? ಹೋಗ್ರಿ."

ಹೋದೆ. ಹನುಮಂತ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದ. ನಾನು ಯಾರೆಂದು ತಿಳಿಯದಿದ್ದರೂ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ. ಅವನ ಹೆಂಡತಿ ಬಾಗಿಲಿಗೆ ಬಂದು, "ಯಾರ್ರೀ? ಕುಂಡ್ರ್ರಿ, ನೀರ್ ತರ್ತೀನಿ" ಎಂದಳು.

ನಾನು ಕೂರಲಿಲ್ಲ.

"ಮೊದ್ಲ ಒಂದ್ ಮಾತ್ ಹೇಳೂದದ, ಯವ್ವಾ" ಎಂದೆ. "ಅದನ್ನ ಕೇಳಿದ ಮ್ಯಾಲ ನೀರ್ ಕೊಡೂದೋ ಬ್ಯಾಡೋ, ನೀವಾ ನೋಡ್ರಿ."