ಕನಿಶಾಯ್ ಕೇಳುವ ಮೊದಲ ಪ್ರಶ್ನೆ

ಬಿಷ್ಕೆಕ್‌ನ ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆಯುತ್ತಿದ್ದ ಕನಿಶಾಯ್, ಅದು ಮುಚ್ಚಿದ ಮೇಲೆ ಪೇಟೆಂಟ್ ಕೆಲಸ ಕಲಿತರು. ಹೊಸದೇನನ್ನಾದರೂ ಕಂಡುಹಿಡಿದವರಿಗೆ ಅರ್ಜಿ ಬರೆದುಕೊಟ್ಟು, ಸ್ವದೇಶದಲ್ಲೂ ಹೊರದೇಶದಲ್ಲೂ ಅದರ ಹಕ್ಕು ಅವರ ಹೆಸರಿಗೆ ಬರುವಂತೆ ನೋಡಿಕೊಳ್ಳುವುದು ಇಪ್ಪತ್ತಾರು ವರ್ಷಗಳಿಂದ ಅವರ ಕಸುಬು.

ಒಂದು ಮಾರ್ಚ್‌ನಲ್ಲಿ ನರಿನ್‌ನಿಂದ ಇಸಾಬೆಕ್ ಬಂದ. ಉಣ್ಣೆಯನ್ನು ನೆನೆಸಿ, ಒತ್ತಿ, ದಪ್ಪ ಹಾಸು ಮಾಡುವ ಯಂತ್ರ ಅವನದು. ಗುಟ್ಟೆಲ್ಲ ಒಳಗೆ ಓರೆಯಾಗಿ ಕೂರಿಸಿದ ಮೂರು ಉರುಳೆಗಳಲ್ಲಿತ್ತು. ಜರ್ಮನಿಯ ಕಂಪನಿಯೊಂದು ಅದನ್ನು ತಯಾರಿಸಲು ಒಪ್ಪಿತ್ತು, ಆದರೆ ಅಲ್ಲಿಯ ಪೇಟೆಂಟ್ ಸಿಕ್ಕರೆ ಮಾತ್ರ. ಅರ್ಜಿಗೆ ಮುಂಚೆಯೇ ಆ ಗುಟ್ಟು ಹೊರಬಿದ್ದಿದ್ದರೆ ಅಲ್ಲಿ ಪೇಟೆಂಟಿನ ಆಸೆ ಬಿಟ್ಟಂತೆಯೇ.

ಯಾರಿಗಾದರೂ ತೋರಿಸಿದ್ದೀರಾ ಎಂದು ಕೇಳಿದರೆ ಎಲ್ಲರೂ ಇಲ್ಲವೆನ್ನುತ್ತಾರೆ. ನೆರೆಹೊರೆಯವರು, ನೆಂಟರು ಅವರ ಪಾಲಿಗೆ ಹೊರಗಿನವರಲ್ಲ. ಹಾಗಾಗಿ ಕನಿಶಾಯ್ ಬೇರೆ ಪ್ರಶ್ನೆ ಇಟ್ಟುಕೊಂಡಿದ್ದರು.

“ಕೊರುಮ್ದುಕ್ ಯಾರ್ಯಾರು ಕೊಟ್ರಪ್ಪ?”

ಹೊಸ ಸೊಸೆಯನ್ನೋ ಹೊಸ ವಸ್ತುವನ್ನೋ ಮೊದಲ ಸಲ ನೋಡಿದವರು ಕೊಡುವ ಉಡುಗೊರೆ ಅದು. ಇಸಾಬೆಕ್‌ನ ಮುಖ ಅರಳಿತು.

“ಇಡೀ ಬೀದಿನೇ ಕೊಟ್ಟಿದೆ, ಅಕ್ಕ. ನಮ್ಮ ಮಾವ ಒಂದು ಕುರೀನೇ ಹೊಡ್ಕೊಂಡು ಬಂದ್ರು.”

ಕನಿಶಾಯ್ ಪೆನ್ನು ಕೆಳಗಿಟ್ಟು ವಿಷಯ ಬಿಡಿಸಿ ಹೇಳಿದರು. ಅವನು ಬಿಳಿಚಿಕೊಂಡ. ಅವರು ಬಿಡಲಿಲ್ಲ, ಬಂದವರು ನೋಡಿದ್ದೇನು, ಮುಚ್ಚಳ ತೆರೆದಿತ್ತೇ ಎಂದು ಒಂದೊಂದಾಗಿ ಕೇಳಿದರು.

“ತೆಗೆದು ತೋರಿಸ್ತೀನಿ ಅಂದೆ. ಕಣ್ಣು ಬೀಳತ್ತೆ ಅಂತ ನನ್ನ ಹೆಂಡ್ತಿ ಬೀಗ ಹಾಕಿ, ಕೀಲಿ ಸೊಂಟಕ್ಕೆ ಸಿಕ್ಕಿಸ್ಕೊಂಡ್ಲು. ಎಲ್ಲರೆದುರು ನನ್ನ ಮರ್ಯಾದೆ ಕಳೆದ್ಲು.”

“ಕಳೀಲಿಲ್ಲ, ತಮ್ಮ. ನಿನ್ನ ಪೇಟೆಂಟ್ ಉಳಿಸಿದ್ಲು.”

ಆದರೂ ಅವನ ಮಾತೊಂದನ್ನೇ ನಂಬಿ ಅವರು ಕೂರಲಿಲ್ಲ. ತಾವೇ ನರಿನ್‌ಗೆ ಹೋಗಿ ಮನೆಮನೆಯಲ್ಲಿ ಚಹಾ ಕುಡಿದು ವಿಚಾರಿಸಿದರು. ಒಂದು ಕಡೆಯಿಂದ ಉಣ್ಣೆ ಹೋಗಿದ್ದನ್ನು, ಇನ್ನೊಂದು ಕಡೆಯಿಂದ ಹಾಸು ಬಂದಿದ್ದನ್ನು ಬಿಟ್ಟು ಯಾರೂ ಏನೂ ನೋಡಿರಲಿಲ್ಲ. ಅದೇ ವಾರ ಬಿಷ್ಕೆಕ್‌ನಲ್ಲಿ ಅರ್ಜಿ ಹಾಕಿ, ವರ್ಷ ತುಂಬುವುದರೊಳಗೆ ಆ ಮೊದಲ ಅರ್ಜಿಯ ತಾರೀಖೇ ಅಲ್ಲೂ ಲೆಕ್ಕಕ್ಕೆ ಬರುವಂತೆ ಯುರೋಪಿಗೂ ಹಾಕಿದರು.

ಯುರೋಪಿನ ಪೇಟೆಂಟ್ ಬರಲು ನಾಲ್ಕು ವರ್ಷ ಹಿಡಿಯಿತು. ಇಸಾಬೆಕ್ ಹೆಂಡತಿ ಉಮ್ಸುನಾಯ್‌ಳನ್ನು ಕರೆದುಕೊಂಡು ಬಂದು, ಎರಡೂ ಕೈಯಲ್ಲಿ ಕನಿಶಾಯ್‌ರ ಕೈ ಹಿಡಿದುಕೊಂಡ. ನೀವಿಲ್ಲದಿದ್ದರೆ ನಾನಿಲ್ಲ ಎಂದು ಏನೇನೋ ಹೇಳತೊಡಗಿದ.

“ನನಗೆ ಆಮೇಲೆ ಹೇಳು. ಇವಳಿಗೆ ಹೇಳಿದ್ದೀಯಾ?”

ಹೇಳಿರಲಿಲ್ಲ. ಅವನು ಹೆಂಡತಿಯ ಕಡೆ ತಿರುಗಿ, ನೆಲ ನೋಡುತ್ತಾ, ನಿನ್ನಿಂದ ದೊಡ್ಡ ಉಪಕಾರವಾಯಿತು ಎಂದ.

“ಕೇಳಿಸ್ಲಿಲ್ಲ,” ಅಂದಳು ಉಮ್ಸುನಾಯ್.

ಅವನು ತಲೆಯೆತ್ತಿ ಇನ್ನೊಮ್ಮೆ ಹೇಳಿದ.