ಎರಡು ಮನೆಗೆ ಒಂದು ಮರಿಗೆ

ಕೊರಿಂಥದ ನಮ್ಮ ಕುಂಬಾರರ ಬೀದಿಯಲ್ಲಿ ಫಿಲುಮೇನಳ ಒಲೆ ಗೊತ್ತಿಲ್ಲದವರಿಲ್ಲ. ಗಂಡ ಸತ್ತವಳು, ಮಕ್ಕಳಿಲ್ಲ. ನಮ್ಮ ಕ್ರೈಸ್ತ ಸಭೆ ವಾರಕ್ಕೊಮ್ಮೆ ಕೂಡಿ ಉಣ್ಣುವ ಪ್ರಭುವಿನ ಊಟದ ರೊಟ್ಟಿಯನ್ನು ಅವಳೇ ಸುಡಬೇಕು. ಒಂದೇ ದೊಡ್ಡ ರೊಟ್ಟಿ, ಮುರಿದು ಎಲ್ಲರೂ ತಿನ್ನುವುದು. ಉಳಿದ ತುಂಡು ಕಾಯಿಲೆ ಬಿದ್ದವರಿಗೆ. ಅವಳ ಒಬ್ಬಳೇ ತಂಗಿ ಜೋಸಿಮೆಯೂ ನಮ್ಮ ಸಭೆಯವಳೇ. ತಾಯಿ ತೀರಿಕೊಂಡ ಮೇಲೆ ಫಿಲುಮೇನ ಎತ್ತಿ ಆಡಿಸಿ ಬೆಳೆಸಿದ ಹುಡುಗಿ.

ಮೊದಲು ಬಂದ ಬೋಧಕ ಅಕ್ಕನಿಗೆ ದೀಕ್ಷಾಸ್ನಾನ ಕೊಟ್ಟ, ಆಮೇಲೆ ಬಂದವನು ತಂಗಿಗೆ. ಇಬ್ಬರೂ ಹಡಗು ಹತ್ತಿ ಹೋದರು, ಜಗಳ ಇಲ್ಲೇ ಉಳಿಯಿತು. ಅವರಲ್ಲಿ ಯಾರು ದೊಡ್ಡವರು ಎಂದು ಕಿತ್ತಾಡಿ ಕಿತ್ತಾಡಿ ಒಂದು ಸಭೆ ಎರಡು ಮನೆಯಾಯಿತು. ನಾನು, ಫಿಲುಮೇನ ಇಲ್ಲೇ ಉಳಿದೆವು. ಜೋಸಿಮೆ ಬಂದರಿನ ದಾರಿಯ ಮನೆಗೆ ಹೋದಳು. ನಮ್ಮವರ ಬುದ್ಧಿಗೆ ಏನು ಹೇಳುವುದು! ಹೋದವರ ಹೆಸರು ಹಿಡಿದುಕೊಂಡು ಇದ್ದವರ ಮುಖ ನೋಡುವುದನ್ನೇ ಬಿಟ್ಟರು. ಅಕ್ಕತಂಗಿಯರ ಮಾತೂ ನಿಂತಿತು.

ಆದರೂ ಎರಡು ಮನೆಯವರೂ ಹಿಟ್ಟು ಕಳಿಸುತ್ತಿದ್ದುದು ಫಿಲುಮೇನಳಿಗೇ, ಬೇರೆ ಬೇರೆ ನಾದಬೇಕು ಎಂದು ಹೇಳಿ. ಅವಳೋ ಎರಡನ್ನೂ ಹಿಟ್ಟು ನಾದುವ ಒಂದೇ ಮರಿಗೆಗೆ ಸುರಿದು ನಾದಿ, ಎರಡು ರೊಟ್ಟಿ ಸುಡುತ್ತಿದ್ದಳು.

"ಏನೇ ಇದು?" ಎಂದೆ ಒಮ್ಮೆ.

"ಸುಮ್ನಿರೇ. ಹಿಂಗಾದ್ರೂ ಅವಳ ಜೊತೆ ಉಣ್ತೀನಿ."

ಜೋಸಿಮೆಗೆ ಜ್ವರ ಹಿಡಿಯಿತು. ಪ್ರಭುವಿನ ದಿನ ನಮ್ಮ ಊಟ ಮುಗಿದದ್ದೇ ತಡ, ಫಿಲುಮೇನ ಒಂದು ತುಂಡನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಓಡಿದಳು. ಹಿಂದೆಯೇ ನಾನೂ ಹೋದೆ.

"ಯಾರ ಮನೇದು?" ಎಂದಳು ತಂಗಿ.

"ನಮ್ಮನೇದು. ತಿನ್ನೇ ಪುಟ್ಟಿ. ನಿಮ್ಮದೂ ನಮ್ಮದೂ ಒಟ್ಟಿಗೇ ನಾದಿದ್ದು, ಹಿಟ್ಟು ಒಂದೇ."

"ಹಿಟ್ಟು ಒಂದೇ ಇರ್ಬಹುದು ಅಕ್ಕಾ. ಮುರಿದ ಕೈ ಬೇರೆ. ನಮ್ಮೋರು ತರ್ತಾರೆ."

ಬಾಯಿ ಬಿಗಿದುಕೊಂಡು ಗೋಡೆಯ ಕಡೆ ತಿರುಗಿದಳು. ಫಿಲುಮೇನ ತುಂಡನ್ನು ತಟ್ಟೆಯಲ್ಲಿಟ್ಟು ಕಾಲ ಬಳಿ ಕೂತಳು.

ತಂಗಿಯ ಕಡೆಯವರು ಬಂದದ್ದು ಸಂಜೆಗೆ, ಅವಳ ಉಸಿರು ನಿಂತ ಮೇಲೆ. ಏನೋ ವಾದ ಬಂದು ತಡವಾಯಿತಂತೆ. ನನಗೆ ಮೈಯೆಲ್ಲ ಉರಿಯಿತು. ಅವರು ತಂದ ತುಂಡನ್ನು ಅದೇ ತಟ್ಟೆಯಲ್ಲಿಟ್ಟು, ತಲೆ ತಗ್ಗಿಸಿಕೊಂಡು ಹೊರಗೆ ಹೋದರು.

ಸತ್ತವರನ್ನು ಆಚೆ ದಡಕ್ಕೆ ದಾಟಿಸುವ ದೋಣಿಯವನಿಗೆಂದು ಅವರ ಬಾಯಿಗೆ ಕಾಸು ಇಡುವುದನ್ನು ಸಭೆಗೆ ಸೇರಿದ ಮೇಲೆ ನಾವು ಬಿಟ್ಟಿದ್ದೇವೆ. ಮೀಯಿಸಿ ಮಲಗಿಸಿದ್ದ ಜೋಸಿಮೆಯ ಬಾಯಿ ಖಾಲಿಯಿತ್ತು. ಫಿಲುಮೇನ ತಟ್ಟೆಯಿಂದ ಒಂದು ಚೂರು ಮುರಿದು, "ಹಟ ಸಾಕು ಪುಟ್ಟಿ," ಎಂದು ತಂಗಿಯ ತುಟಿಗಳ ನಡುವೆ ಇಟ್ಟಳು. ಈ ಸಲ ಬಾಯಿ ಬಿಗಿಯಲಿಲ್ಲ.

"ಯಾವ ಮನೇದು ಇಟ್ಟೆ?" ಎಂದೆ.

"ಗೊತ್ತಾಗ್ಲಿಲ್ಲ ಕಣೇ," ಎಂದು ಬಿಕ್ಕಿ ಬಿಕ್ಕಿ ಅತ್ತಳು.