ಸೀರೆಯೊಳಗಿನ ಮಂಡಿ

ಆಗ ನಮ್ಮತ್ತೆ ನೆಲದಿಂದ ಏಳಬೇಕಾದರೆ ನಾನೇ ಹಿಡಿದೆತ್ತಬೇಕಿತ್ತು. ಒಂದು ಕಡೆ ಸೊಂಟದ ಮೇಲೆ ಕೂಸು, ಇನ್ನೊಂದು ಕಡೆ ತೋಳಿಗೆ ಜೋತುಬಿದ್ದ ಅತ್ತೆ. ಹೊನ್ನಾಳಿಯಲ್ಲಿ ಮಂಡಿನೋವಿಗೆ ಯೋಗ ಕಲಿಸುತ್ತಾರೆಂದು ಕೇಳಿದ್ದೇ ತಡ, ನ್ಯಾಮತಿಯಲ್ಲಿ ಇಬ್ಬರನ್ನೂ ಬಸ್ಸು ಹತ್ತಿಸಿದೆ.

ಕಲಿಸುವ ಮೇಷ್ಟ್ರು ಹೊರಗಿನವರು. ಕಿಟಕಿಯ ಸರಳು ಹಿಡಿದು, ಕುರ್ಚಿಯಲ್ಲಿ ಕೂರುವವರ ಹಾಗೆ ಬಗ್ಗಬೇಕು, ಆಗ ಮಂಡಿಚಿಪ್ಪು ಕಾಲ್ಬೆರಳಿನ ಕಡೆಗೇ ನೋಡಬೇಕು, ಒಳಕ್ಕೆ ವಾಲಬಾರದು ಎಂದರು. ಅತ್ತೆ ಬಗ್ಗಿದರು. ಚಿಪ್ಪು ಎತ್ತ ನೋಡುತ್ತಿತ್ತೋ ಸೀರೆಯ ನೆರಿಗೆಗೇ ಗೊತ್ತು.

"ಸೀರೆ ಸ್ವಲ್ಪ ಮೇಲಕ್ಕೆ ಹಿಡೀರಮ್ಮ" ಅಂದರು ಮೇಷ್ಟ್ರು.

ಅತ್ತೆ ಸರಳು ಬಿಟ್ಟು ನನ್ನ ಕಡೆ ತಿರುಗಿದರು. "ನಮ್ಮ ಯಜಮಾನ್ರೇ ಹಗಲೊತ್ತು ನೋಡಿಲ್ಲ. ಇವರಿಗೆ ತೋರ್ಸಾಕೆ ಬಸ್ ಹತ್ತಿ ಬಂದೀನೇನು? ನಡಿಯೇ ಮನೀಗೆ."

ಮನೆಗೆ ಹೋದರೆ ಮತ್ತೆ ಎತ್ತುವವಳು ನಾನೇ ತಾನೆ. ಬಂದ ಹೆಂಗಸರಿಗೆಂದು ಬಾಗಿಲಲ್ಲಿ ಅರಿಸಿನ ಕುಂಕುಮ ಇಟ್ಟಿದ್ದರು. ಅತ್ತೆಯನ್ನು ಮತ್ತೆ ಬಗ್ಗಿಸಿ, ಕುಂಕುಮ ನೆನೆಸಿ, ಬಿಗಿದ ಸೀರೆಯ ಮೇಲಿಂದಲೇ ಚಿಪ್ಪು ತಡಕಿ ಎರಡೂ ಮಂಡಿಗೆ ಬೊಟ್ಟಿಟ್ಟೆ.

"ಈಗ ಹೇಳ್ರಿ ಮೇಷ್ಟ್ರೇ, ಎತ್ತ ನೋಡ್ತೈತೆ?"

"ಬಲಗಾಲಿಂದು ಒಳಕ್ಕೆ ನೋಡ್ತಿದೆ. ತೊಡೆ ಹೊರಕ್ಕೆ ತಿರುಗಿಸಿ ಅಮ್ಮ. ಹಾಂ, ಅಷ್ಟೇ."

ಉಳಿದ ಹೆಂಗಸರೂ ಬೊಟ್ಟಿಡಿಸಿಕೊಳ್ಳಲು ನನ್ನ ಮುಂದೆ ಸಾಲು ನಿಂತರು.

ಅತ್ತೆ ದಿನಾ ಮನೆಯ ಕಿಟಕಿ ಹಿಡಿದು ಅದನ್ನೇ ಮಾಡಿದರು. ಮಳೆಗಾಲ ಬರುವಷ್ಟರಲ್ಲಿ ತಾವಾಗಿಯೇ ಏಳತೊಡಗಿದರು. ಎದ್ದವರು ಮೊದಲು ಹೋದದ್ದು ಪಕ್ಕದ ಮನೆಗೆ. ಒಳ್ಳೇ ಸೀರೆಗೆ ಸೊಸೆ ಹೋಗದ ಕಲೆ ಮಾಡಿದಳೆಂದು ಅಲ್ಲಿ ನೆಲದ ಮೇಲೆ ಕೂತು ಹೊತ್ತು ಮುಳುಗುವವರೆಗೂ ದೂರಿದರಂತೆ. ಏಳುವಾಗ ಯಾರ ಕೈಯನ್ನೂ ಹಿಡಿಯಲಿಲ್ಲವಂತೆ.